ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ ಮೇಲೆ ಬರುವ ಕಿರಿಕಿರಿಗಳು: ಯಾಕೆ ಬರುತ್ತವೆ, ಹೇಗೆ ಹೋಗುತ್ತವೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು ನಿಂತವು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷದ ವಾಯಿದೆ ಸಿಕ್ಕಿತು, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಎಲ್ಲ ಲ್ಯಾಪ್‌ಟಾಪೂ ಒಪ್ಪುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ, ಒಂದೆರಡನ್ನು ಬಿಟ್ಟು, 8ನೇ ಪೀಳಿಗೆಯದ್ದೋ ಆಮೇಲಿನದ್ದೋ ಆಗಿರಬೇಕು. 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಇವತ್ತಿಗೂ ಚೆನ್ನಾಗಿ ಓಡುತ್ತಿದ್ದರೂ ಆ ಪಟ್ಟಿಗೆ ಸೇರುವುದಿಲ್ಲ.

ಹೀಗಾಗಿ ಕಂಪ್ಯೂಟರ್ ವಿದ್ಯೆ ಓದದವರ ಮನೆಯಲ್ಲೂ ಈಗ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಕಾಣಿಸುತ್ತಿದೆ. ಮಗನೋ ಪಕ್ಕದ ಮನೆಯ ಹುಡುಗನೋ ಬಂದು ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ಬಗೆಯೊಂದನ್ನು ಹಾಕಿಕೊಟ್ಟು ಹೋಗುತ್ತಾರೆ. ಎರಡು ದಿನ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಶುರು: ಫೋನ್ ಸಿಕ್ಕಿಸಿದರೆ ಫೋಟೋ ಕಾಣುವುದಿಲ್ಲ, ಗಡಿಯಾರ ತಪ್ಪು ತೋರಿಸುತ್ತದೆ, ಇಯರ್‌ಬಡ್ ಕನೆಕ್ಟ್ ಆಗುವುದಿಲ್ಲ, ಕನ್ನಡ ಕಡತ ತೆರೆದರೆ ಏನೇನೋ ಗುರುತುಗಳು.

ಇವುಗಳಲ್ಲಿ ಜಾಸ್ತಿ ಪಾಲು ಯಾವುದೋ ಒಂದು ಕೆಟ್ಟು ಬಂದ ತೊಂದರೆ ಅಲ್ಲ. ಎರಡು ವ್ಯವಸ್ಥೆಗಳು ಒಂದೇ ವಸ್ತುವನ್ನು ಹಂಚಿಕೊಳ್ಳುವಾಗ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ಗಂಟು ಬೀಳುವುದು ಆ ಕೂಡುವ ಜಾಗದಲ್ಲಿ. ಹುಡುಕಬೇಕಾದ್ದೂ ಅಲ್ಲೇ.

## ಮೊದಲು ನಾಲ್ಕು ಪದ

ಲಿನಕ್ಸ್ ಅಂದರೆ ಸರಿಯಾಗಿ ಹೇಳಬೇಕೆಂದರೆ ಕರ್ನೆಲ್. ಯಂತ್ರದ ಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ತಿರುಳು ಅದು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಶುರು ಮಾಡಿದರು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಇದೇ ಕರ್ನೆಲ್. ಅದರ ಮೇಲೆ ಕಿಟಕಿ, ಮೆನು, ಬ್ರೌಸರ್, ಸೆಟ್ಟಿಂಗ್ ಎಲ್ಲ ಜೋಡಿಸಿ ಕೊಡುವ ಪೂರ್ತಿ ಕಟ್ಟಿಗೆ ಡಿಸ್ಟ್ರೋ ಅನ್ನುತ್ತಾರೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಇವೆಲ್ಲ ಡಿಸ್ಟ್ರೋಗಳು.

ಡ್ರೈವರ್ ಅಂದರೆ ಒಂದು ಚಿಪ್ಪನ್ನು ಹೇಗೆ ಮಾತಾಡಿಸಬೇಕು ಎಂದು ಕರ್ನೆಲ್‌ಗೆ ಹೇಳಿಕೊಡುವ ತುಣುಕು. ಫರ್ಮ್‌ವೇರ್ ಅಂದರೆ ಆ ಚಿಪ್ಪಿನ ಒಳಗೇ ಓಡುವ ಪುಟ್ಟ ತಂತ್ರಾಂಶ. ಎರಡೂ ಇದ್ದರೆ ಮಾತ್ರ ಕೆಲಸ. ಡ್ರೈವರ್ ಇದ್ದು ಫರ್ಮ್‌ವೇರ್ ಇಲ್ಲದಿದ್ದರೆ ಚಿಪ್ ಕಾಣಿಸುತ್ತದೆ, ಆದರೆ ಏಳುವುದಿಲ್ಲ.

## ಫೋನ್ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ಫೋಟೋ ಮಾತ್ರ ಬರಲ್ಲ

ಎಲ್ಲರಿಗೂ ಮೊದಲು ಎದುರಾಗುವ ತೊಂದರೆ ಇದು. ಕೇಬಲ್‌ನಿಂದಲೇ ಶುರು ಮಾಡೋಣ. ಸಾದಾ ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿಗಳಿರುತ್ತವೆ. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಅಗ್ಗದ ಕೇಬಲ್‌ಗಳಲ್ಲಿ, ಪವರ್ ಬ್ಯಾಂಕ್ ಜೊತೆ ಬರುವ ಕೆಲವು ಮೊಳದುದ್ದದ ಕೇಬಲ್‌ಗಳಲ್ಲಿ, ಮಾಹಿತಿಯ ಎರಡು ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಸಿಕ್ಕಿಸಿದಾಗ ಫೋನಿನಲ್ಲಿ ಚಾರ್ಜಿಂಗ್ ಗುರುತು ಮಾತ್ರ ಬಂದು, ಯುಎಸ್‌ಬಿ ಬಗ್ಗೆ ಯಾವ ನೋಟಿಫಿಕೇಶನ್ನೂ ಬರದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಬೇರೆ ಕೇಬಲ್ ಹಾಕಿ ನೋಡಿ. ಅದಕ್ಕೂ ಮುಂಚೆ ಸುಮ್ನೆ ಸೆಟ್ಟಿಂಗ್ ತಡಕಾಡಿ ಪ್ರಯೋಜನವಿಲ್ಲ.

ಕೇಬಲ್ ಸರಿ ಇದೆ ಅಂತಿಟ್ಟುಕೊಳ್ಳಿ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಫೋನುಗಳು ಕೇಬಲ್ ಸಿಕ್ಕಿಸಿದ ಕೂಡಲೇ ಬಾಗಿಲು ತೆರೆಯುವುದಿಲ್ಲ. ಬಸ್ ನಿಲ್ದಾಣದ ಚಾರ್ಜಿಂಗ್ ಪಾಯಿಂಟಿಗೆ ಸಿಕ್ಕಿಸಿದರೂ ಯಾರೋ ನಿಮ್ಮ ಫೋಟೋ ಎಳೆದುಕೊಳ್ಳಬಾರದು, ಅಲ್ವಾ? ಅದಕ್ಕೇ ಈ ಏರ್ಪಾಡು. ಫೋನಿನ ಲಾಕ್ ತೆಗೆದು, ಮೇಲಿನಿಂದ ಕೆಳಗೆ ಎಳೆದು, ಯುಎಸ್‌ಬಿ ನೋಟಿಫಿಕೇಶನ್ ಒತ್ತಿ, 'ಫೈಲ್ ಟ್ರಾನ್ಸ್‌ಫರ್' ಆರಿಸಬೇಕು. ಐಫೋನಿನಲ್ಲಾದರೆ 'ಈ ಕಂಪ್ಯೂಟರನ್ನು ನಂಬುತ್ತೀರಾ' ಎಂದು ಕೇಳುತ್ತದೆ. ಒಪ್ಪಿ ಪಾಸ್‌ಕೋಡ್ ಹಾಕುವ ತನಕ ಲಿನಕ್ಸ್‌ಗೆ ಒಳಗೆ ಏನಿದೆ ಎಂದು ಕಾಣುವುದಿಲ್ಲ.

ಇಷ್ಟಾದ ಮೇಲೂ ಒಂದು ಕಿರಿಕಿರಿ ಉಳಿಯುತ್ತದೆ. ಪೆನ್‌ಡ್ರೈವ್‌ನಷ್ಟು ಸಲೀಸಾಗಿ ಫೋನ್ ತೆರೆದುಕೊಳ್ಳುವುದಿಲ್ಲ. ಸಾವಿರ ಫೋಟೋ ಇರುವ ಫೋಲ್ಡರ್ ತೆರೆದರೆ ನಿಧಾನ, ನಡುವೆ ಇನ್ನೊಂದು ಫೋಲ್ಡರ್ ಒತ್ತಿದರೆ ಎಲ್ಲ ನಿಂತೇ ಹೋಗುತ್ತದೆ. ಇದಕ್ಕೆ ಕಾರಣ ಎಂಟಿಪಿ ಎಂಬ ಪದ್ಧತಿ.

ಪೆನ್‌ಡ್ರೈವ್ ಸಿಕ್ಕಿಸಿದಾಗ ಅದರ ಪೂರ್ತಿ ಯಜಮಾನಿಕೆ ಕಂಪ್ಯೂಟರಿಗೆ ಹೋಗುತ್ತದೆ. ಹಳೆಯ ಆಂಡ್ರಾಯ್ಡ್ ಫೋನುಗಳೂ ಹೀಗೇ ಇದ್ದವು. ಕಂಪ್ಯೂಟರಿಗೆ ಸಿಕ್ಕಿಸಿದಷ್ಟು ಹೊತ್ತು ಮೆಮೊರಿ ಕಾರ್ಡ್ ಫೋನಿನ ಕೈಗೆ ಸಿಗುತ್ತಿರಲಿಲ್ಲ. ಒಂದೇ ಸಂಗ್ರಹದ ಮೇಲೆ ಇಬ್ಬರು ಒಟ್ಟಿಗೆ ಬರೆದರೆ ಲೆಕ್ಕ ಕೆಟ್ಟು ಕಡತಗಳು ಹಾಳಾಗುತ್ತವೆ, ಅದಕ್ಕೇ. 2011ರ ಆಂಡ್ರಾಯ್ಡ್ 3ರಿಂದ ಎಂಟಿಪಿ ಬಂತು. ಇದು ನಮ್ಮ ದಿನಸಿ ಅಂಗಡಿಯ ಹಾಗೆ. ಗಿರಾಕಿ ಒಳಗೆ ಹೋಗುವಂತಿಲ್ಲ, ಕಟ್ಟೆಯ ಈಚೆ ನಿಂತು ಚೀಟಿ ಓದಬೇಕು. ಅಂಗಡಿಯವರು ಒಂದೊಂದೇ ಸಾಮಾನು ತಂದಿಡುತ್ತಾರೆ. ಒಂದು ಕೆಲಸ ಮುಗಿಯುವ ತನಕ ಇನ್ನೊಂದು ಕೇಳುವಂತಿಲ್ಲ. ಅಂಗಡಿ ಮಾತ್ರ ಸದಾ ಅವರ ಕೈಯಲ್ಲೇ ಇರುತ್ತದೆ. ನೀವು ಫೋಟೋ ನಕಲು ಮಾಡುತ್ತಿರುವಾಗಲೂ ಫೋನ್ ಹೊಸ ಫೋಟೋ ತೆಗೆಯಬಲ್ಲದು.

ಇದು ಗೊತ್ತಾದರೆ ಬಳಸುವ ರೀತಿಯೂ ತಾನಾಗಿ ಬದಲಾಗುತ್ತದೆ. ಫೋನಿನೊಳಗಿನ ವಿಡಿಯೋವನ್ನು ಅಲ್ಲಿಂದಲೇ ತೆರೆದು ನೋಡಲು ಹೋಗಬೇಡಿ, ಮೊದಲು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಳ್ಳಿ. ಒಂದು ನಕಲು ಮುಗಿಯುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ. ಈಗಷ್ಟೇ ತೆಗೆದ ಫೋಟೋ ಪಟ್ಟಿಯಲ್ಲಿ ಕಾಣದಿದ್ದರೆ ಕೇಬಲ್ ತೆಗೆದು ಮತ್ತೆ ಹಾಕಿ. ಫೋನ್ ತನ್ನ ಪಟ್ಟಿಯನ್ನು ಹೊಸದಾಗಿ ಕೊಡುತ್ತದೆ. ಐಫೋನಿನ ಫೋಟೋ ಬಂದರೂ ತೆರೆಯದಿದ್ದರೆ ಅದು ಹೀಕ್ ಎಂಬ ರೂಪದಲ್ಲಿರಬಹುದು. ಕ್ಯಾಮೆರಾ ಸೆಟ್ಟಿಂಗ್‌ನ 'ಫಾರ್ಮ್ಯಾಟ್ಸ್' ಒಳಗೆ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದಿನ ಫೋಟೋಗಳು ಜೆಪೆಗ್ ಆಗಿ ಬರುತ್ತವೆ.

ಕೇಬಲ್ ಸಹವಾಸವೇ ಬೇಡ ಅನ್ನುವವರಿಗೆ ಕೆಡಿಇ ಕನೆಕ್ಟ್ ಎಂಬ ಆಪ್ ಇದೆ. ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಹಾಕಿಕೊಂಡರೆ ವೈಫೈ ಮೂಲಕವೇ ಕಡತ ಕಳಿಸಬಹುದು. ಎರಡೂ ಒಂದೇ ವೈಫೈನಲ್ಲಿರಬೇಕು. ಹಾಸ್ಟೆಲ್, ಹೋಟೆಲ್‌ಗಳ ವೈಫೈನಲ್ಲಿ ಎರಡು ಸಾಧನಗಳು ಪರಸ್ಪರ ಮಾತಾಡದಂತೆ ತಡೆ ಹಾಕಿರುತ್ತಾರೆ, ಅಲ್ಲಿ ಇದು ನಡೆಯುವುದಿಲ್ಲ. ಮನೆಯಲ್ಲಿ ಸರಿಯಿದ್ದದ್ದು ಆಗಾಗ ಕಡಿದುಹೋದರೆ, ಬ್ಯಾಟರಿ ಉಳಿಸುವ ಆತುರದಲ್ಲಿ ಫೋನೇ ಆ ಆಪನ್ನು ಮಲಗಿಸಿರುತ್ತದೆ. ಆಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ.

## ವೈಫೈ ಇಲ್ಲ, ವೈಫೈ ಸರಿ ಮಾಡಲು ಇಂಟರ್ನೆಟ್ ಬೇಕು

ಹಳೆ ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ಬ್ರಾಡ್‌ಕಾಮ್ ಚಿಪ್ ಇದ್ದರೆ, ವೈಫೈ ಪಟ್ಟಿಯೇ ಬರದಿರಬಹುದು. ಡ್ರೈವರ್ ಇಳಿಸಿಕೊಳ್ಳಬೇಕು, ಇಳಿಸಲು ಇಂಟರ್ನೆಟ್ ಇಲ್ಲ. ಇದಕ್ಕೆ ಮದ್ದು ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಮಾಹಿತಿ ಹರಿಯುವ ಕೇಬಲ್‌ನಿಂದ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ಜಾಲವೆಂದೇ ತಿಳಿದು ಆ ಕ್ಷಣವೇ ಕನೆಕ್ಟ್ ಆಗುತ್ತದೆ. ಫೋನ್ ಮನೆಯ ವೈಫೈನಲ್ಲಿದ್ದರೆ ಸಾಮಾನ್ಯವಾಗಿ ಅದನ್ನೇ ಹಂಚುತ್ತದೆ, ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಆಮೇಲೆ ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್', ಉಬುಂಟುವಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದರೆ ಬೇಕಾದದ್ದನ್ನು ಅದೇ ತೋರಿಸುತ್ತದೆ.

ಒಂದು ಕಡೆ ಮಾತ್ರ ಜನ ಎಡವುತ್ತಾರೆ. ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಒಳಗೆ ಬಿಡುವ ಕಾವಲು) ಆನ್ ಇದ್ದರೆ ಹೊರಗಿನ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆಯೊಂದು ಬರುತ್ತದೆ. ಗಾಬರಿಯಾಗಿ ಸುಮ್ಮನಿದ್ದರೆ ಕೆಲವೇ ಸೆಕೆಂಡಿನಲ್ಲಿ ಅದು ಹೋಗಿಬಿಡುತ್ತದೆ, ಡ್ರೈವರ್ ಕೆಲಸ ಮಾಡುವುದಿಲ್ಲ. ಆ ಪರದೆಯಲ್ಲಿ 'ಎನ್‌ರೋಲ್ ಎಂಓಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಈ ಡ್ರೈವರ್ ಮಾಲೀಕನೇ ಹಾಕಿದ್ದು ಎಂದು ಯಂತ್ರಕ್ಕೆ ಹೇಳುವ ಕ್ರಮ ಅದು.

## ಸರಿಯಾಗಿ ಐದೂವರೆ ಗಂಟೆ ತಪ್ಪು

ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕಿಕೊಂಡವರಿಗೆ ಇದು ಕಾಣಿಸುತ್ತದೆ. ಸಂಜೆ ಆರಕ್ಕೆ ಲಿನಕ್ಸ್ ಮುಚ್ಚಿ ವಿಂಡೋಸ್ ತೆರೆದರೆ ಅದು ಮಧ್ಯಾಹ್ನ ಹನ್ನೆರಡೂವರೆ ಅನ್ನುತ್ತದೆ. ಅಲ್ಲಿ ಸರಿ ಮಾಡಿ ಲಿನಕ್ಸ್‌ಗೆ ಬಂದರೆ, ಇಂಟರ್ನೆಟ್ ಸಿಕ್ಕುವ ತನಕ, ರಾತ್ರಿ ಹನ್ನೊಂದೂವರೆ ಎಂದು ತೋರಿಸಬಹುದು.

ಮದರ್‌ಬೋರ್ಡ್ ಮೇಲೆ ಒಂದು ಪುಟ್ಟ ಗಡಿಯಾರ ಇದೆ. ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಅದು ಓಡುತ್ತಿರುತ್ತದೆ. ಅದಕ್ಕೆ ಯಾವ ದೇಶ ಎಂಬುದು ಗೊತ್ತಿಲ್ಲ, ಬರಿಯ ಅಂಕಿ ಇಟ್ಟುಕೊಂಡಿರುತ್ತದೆ. ಆ ಅಂಕಿ ಭಾರತದ ಸಮಯ ಎಂದು ವಿಂಡೋಸ್ ಓದುತ್ತದೆ. ಅದೇ ಅಂಕಿಯನ್ನು ಯುಟಿಸಿ, ಅಂದರೆ ಜಾಗತಿಕ ಸಮಯ, ಎಂದು ಲಿನಕ್ಸ್ ಓದುತ್ತದೆ. ನಾವು ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ತಪ್ಪು ಬರುವುದೂ ಸರಿಯಾಗಿ ಅಷ್ಟೇ. ದುಬೈನಲ್ಲಿರುವ ಕನ್ನಡಿಗರ ಲ್ಯಾಪ್‌ಟಾಪಿನಲ್ಲಾದರೆ ಇದೇ ತಪ್ಪು ನಾಲ್ಕು ಗಂಟೆಯದ್ದಾಗುತ್ತದೆ.

ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡಬೇಕು. ಸುಲಭದ ದಾರಿ ಲಿನಕ್ಸ್‌ನದ್ದು: ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ 'ಟೈಮ್‌ಡೇಟ್‌ಸಿಟಿಎಲ್' ಆಜ್ಞೆಗೆ 'ಸೆಟ್-ಲೋಕಲ್-ಆರ್‌ಟಿಸಿ 1' ಎಂದು ಸೇರಿಸಿ (timedatectl set-local-rtc 1) ಕೊಟ್ಟರೆ ಅದೂ ಸ್ಥಳೀಯ ಸಮಯ ಎಂದು ಓದಲು ಶುರು ಮಾಡುತ್ತದೆ. ವಿಂಡೋಸ್ ಇಲ್ಲದ ಲ್ಯಾಪ್‌ಟಾಪಿಗೆ ಇದರ ಅಗತ್ಯವೇ ಇಲ್ಲ.

ತಪ್ಪು ಐದೂವರೆ ಗಂಟೆಯದ್ದಲ್ಲದೆ ದಿನಾಂಕವೇ ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಕಥೆ ಬೇರೆ. ಆ ಗಡಿಯಾರಕ್ಕೆ ಕರೆಂಟ್ ಕೊಡುವ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ ಎಂದರ್ಥ. ಬಹಳಷ್ಟು ಯಂತ್ರಗಳಲ್ಲಿ ಅದು ಸಿಆರ್2032, 3 ವೋಲ್ಟಿನದು. ಆಗ ಬ್ರೌಸರ್ ಎಲ್ಲ ತಾಣಗಳಿಗೂ 'ಸುರಕ್ಷಿತವಲ್ಲ' ಎಂದು ರಗಳೆ ಮಾಡುತ್ತದೆ. ತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಶುರುವಾಗುವ, ಮುಗಿಯುವ ದಿನಾಂಕ ಇರುತ್ತದೆ. ಲ್ಯಾಪ್‌ಟಾಪ್ 2015ರಲ್ಲಿದ್ದರೆ ಇವತ್ತಿನ ಪ್ರಮಾಣಪತ್ರ ಅದಕ್ಕೆ ಇನ್ನೂ ಶುರುವಾಗಿಲ್ಲ. ಜನ ಬ್ರೌಸರ್ ತೆಗೆದು ಮತ್ತೆ ಹಾಕುತ್ತಾರೆ, ಪಾಪ.

## ಡಿ ಡ್ರೈವ್ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ

ಇದೂ ವಿಂಡೋಸ್ ಜೊತೆಗಿರುವವರದ್ದೇ ತೊಂದರೆ. 2012ರ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬುದಿದೆ. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಡಿಸ್ಕಿನ ಲೆಕ್ಕವನ್ನು ಅರ್ಧಕ್ಕೆ ಬಿಟ್ಟಿರುವುದರಿಂದ ಲಿನಕ್ಸ್ ಅಲ್ಲಿ ಬರೆಯಲು ಹಿಂಜರಿಯುತ್ತದೆ. ಬರೆದರೆ ಕಡತಗಳು ಹಾಳಾಗುವ ಅಪಾಯ ನಿಜಕ್ಕೂ ಇದೆ, ಆದ್ದರಿಂದ ಬಲವಂತ ಮಾಡಬೇಡಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ. ಸದ್ಯಕ್ಕೆ ಸಾಕು ಅಂದರೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಲಿನಕ್ಸ್‌ಗೆ ಬನ್ನಿ. ರೀಸ್ಟಾರ್ಟ್‌ನಲ್ಲಿ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ.

ಪೆನ್‌ಡ್ರೈವ್ ವಿಷಯ ಬೇರೆ. ನಕಲು ಮಾಡುವ ಪಟ್ಟಿ ಸರ್ರನೆ ಕೊನೆ ಮುಟ್ಟಿದರೂ ಕಡತ ಇನ್ನೂ ಮೆಮೊರಿಯಲ್ಲೇ ಇರಬಹುದು. ಲಿನಕ್ಸ್ ಅದನ್ನು ಹಿನ್ನೆಲೆಯಲ್ಲಿ ನಿಧಾನಕ್ಕೆ ಬರೆಯುತ್ತಿರುತ್ತದೆ. ಝೆರಾಕ್ಸ್ ಅಂಗಡಿಗೆ ಹೋದಾಗ ಅರ್ಧ ಪಿಡಿಎಫ್ ಸಿಗುವುದು ಹೀಗೆ. 'ಎಜೆಕ್ಟ್' ಒತ್ತಿ, ತೆಗೆಯಬಹುದು ಎಂದು ಹೇಳುವ ತನಕ ಕಾಯಿರಿ. ಇನ್ನು 4 ಜಿಬಿಗಿಂತ ದೊಡ್ಡ ವಿಡಿಯೋ ಹೋಗುತ್ತಿಲ್ಲ ಎಂದರೆ ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿದೆ. ಒಳಗಿರುವುದನ್ನು ಬೇರೆ ಕಡೆ ಇಟ್ಟುಕೊಂಡು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ವಿಂಡೋಸ್, ಲಿನಕ್ಸ್ ಎರಡೂ ಅದನ್ನು ಓದುತ್ತವೆ.

## ಇಯರ್‌ಬಡ್: ಹಾಡಿಗೆ ಚೆನ್ನ, ಮೀಟಿಂಗಿಗೆ ಡಬ್ಬ

ಹಾಡು ಕೇಳುವಾಗ ದನಿ ತುಂಬಿ ಬರುತ್ತದೆ. ವಿಡಿಯೋ ಕಾಲ್ ಶುರುವಾದ ತಕ್ಷಣ ಹಳೆ ಲ್ಯಾಂಡ್‌ಲೈನ್ ದನಿ. ಇದಕ್ಕೆ ಲಿನಕ್ಸನ್ನು ಬೈಯುವವರೇ ಜಾಸ್ತಿ, ಆದರೆ ವಿಂಡೋಸ್‌ನಲ್ಲೂ ಹೀಗಾಗುತ್ತದೆ. ಬ್ಲೂಟೂತ್‌ನಲ್ಲಿ ದನಿಗೆ ಎರಡು ದಾರಿಗಳಿವೆ. ಒಂದು ಹಾಡಿಗೆ: ಸ್ಟೀರಿಯೋ, ಒಳ್ಳೆ ಗುಣಮಟ್ಟ, ಆದರೆ ಒಂದೇ ದಿಕ್ಕು. ಇನ್ನೊಂದು ಮಾತಿಗೆ: ಎರಡೂ ದಿಕ್ಕು, ಗುಣಮಟ್ಟ ಕಮ್ಮಿ. ಇಯರ್‌ಬಡ್‌ನ ಮೈಕ್ ಬೇಕು ಎಂದಾಗ ಎರಡನೇ ದಾರಿಗೆ ಬದಲಾಗಲೇಬೇಕು. ಸೌಂಡ್ ಸೆಟ್ಟಿಂಗ್‌ನಲ್ಲಿ 'ಇನ್‌ಪುಟ್' ಜಾಗಕ್ಕೆ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ, ಇಯರ್‌ಬಡ್ ಪ್ರೊಫೈಲನ್ನು 'ಎ2ಡಿಪಿ' (ಹಾಡಿನ ದಾರಿಯ ಹೆಸರು) ಎಂದಿಟ್ಟರೆ ದನಿ ಮತ್ತೆ ಸರಿಯಾಗುತ್ತದೆ.

ವಿಂಡೋಸ್‌ನಲ್ಲಿ ಜೋಡಿಸಿದರೆ ಲಿನಕ್ಸ್‌ನಲ್ಲಿ ಬರುವುದಿಲ್ಲ, ಇಲ್ಲಿ ಜೋಡಿಸಿದರೆ ಅಲ್ಲಿ ಬರುವುದಿಲ್ಲ. ಇದಕ್ಕೂ ಕಾರಣವಿದೆ. ಜೋಡಿಸುವಾಗ ಎರಡೂ ಕಡೆ ಒಂದು ಗುಟ್ಟಿನ ಕೀಲಿ ಉಳಿಯುತ್ತದೆ. ವಿಂಡೋಸೋ ಲಿನಕ್ಸೋ ಎಂಬುದು ಇಯರ್‌ಬಡ್‌ಗೆ ಗೊತ್ತಿಲ್ಲ. ಅದಕ್ಕೆ ಕಾಣುವುದು ಒಂದೇ ಬ್ಲೂಟೂತ್ ವಿಳಾಸ. ಹೊಸ ಕೀಲಿ ಬಂದಾಗ ಹಳೆಯದನ್ನು ಬಿಸಾಡುತ್ತದೆ. ವಿಂಡೋಸ್‌ನ ಕೀಲಿಯನ್ನು ಲಿನಕ್ಸ್‌ಗೆ ನಕಲು ಮಾಡುವ ವಿಧಾನ ಇದೆ, ಆದರೆ ಹೊಸಬರಿಗೆ ಅಷ್ಟು ಕಸರತ್ತು ಬೇಡ. ಪ್ರತಿ ಸಲ 'ರಿಮೂವ್' ಮಾಡಿ ಮತ್ತೆ ಜೋಡಿಸಿಕೊಳ್ಳುವುದೇ ಲೇಸು.

## ಕನ್ನಡ ಬರೆಯುವುದು, ಕನ್ನಡ ಓದುವುದು

ಕನ್ನಡದ ಮೂರು ತೊಂದರೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಮೂರಕ್ಕೂ ಬೇರೆ ಬೇರೆ ಪರಿಹಾರ.

ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲ. ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿಕೊಳ್ಳಿ. ಡೆಬಿಯನ್, ಉಬುಂಟುಗಳ ತಂತ್ರಾಂಶ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಫಾಂಟ್‌ಗಳೂ ಇವೆ. ಹೆಸರೇ ಹಿತವಾಗಿದೆ.

ಚೌಕಗಳ ಬದಲು ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟಿರುವ ಅಕ್ಷರ, ಪೌಂಡ್ ಗುರುತುಗಳ ಕಲಸುಮೇಲೋಗರ ಕಂಡರೆ ಅದು ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಮಾಡಿದ ಕಡತ. ಕನ್ನಡದ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಬಳಸಿ, ಫಾಂಟಿನಲ್ಲಿ ಮಾತ್ರ ಕನ್ನಡದ ಆಕಾರ ಬರೆಯುತ್ತಿದ್ದರು. ಕಡತದೊಳಗೆ 'ಕನ್ನಡ' ಎಂಬ ಪದವೇ ಇಂಗ್ಲಿಷಿನ 'ಪಿ' ಅಕ್ಷರದಿಂದ ಶುರುವಾಗುತ್ತದೆ, ನಡುವೆ 'ನ'ಕಾರದ ಜಾಗದಲ್ಲಿ ಪೌಂಡ್ ಗುರುತು ಕೂತಿರುತ್ತದೆ. ಆ ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತದೆ, ಇಲ್ಲದಿದ್ದರೆ ಬಣ್ಣ ಬಯಲು. ಇಲ್ಲಿ ನೋಟೋ ಹಾಕಿ ಪ್ರಯೋಜನವಿಲ್ಲ. ಕಡತವನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಬೇಕು. ಒಮ್ಮೆ ಬದಲಾಯಿಸಿಟ್ಟುಕೊಂಡರೆ ಫೋನಿನಲ್ಲೂ ಓದಬಹುದು, ಹುಡುಕಲೂಬಹುದು.

ಮೂರನೆಯದು ಟೈಪಿಂಗ್. ಸೆಟ್ಟಿಂಗ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಸೇರಿಸಿದರೆ ಸಿಗುವುದು ಬರಿಯ ಲೇಔಟ್. ಒಂದು ಕೀಲಿಗೆ ಒಂದು ಸಂಕೇತ, ಅದಕ್ಕೆ ಹಿಂದಿನ ಅಕ್ಷರ ಯಾವುದೆಂದು ಗೊತ್ತಾಗುವುದಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ನುಡಿಯ ರೀತಿಯಲ್ಲಿ, ಬೆರಳು ಪಳಗಿದವರಿಗೆ ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆ ಜೊತೆಗೆ ಎಂ17ಎನ್ ಎಂಬ ಟೈಪಿಂಗ್ ವಿಧಾನಗಳ ಸಂಗ್ರಹದ 'ಕೆಜಿಪಿ' ಆರಿಸುವುದು ಹೆಚ್ಚು ಹಿಡಿಸುತ್ತದೆ. ಮಿಂಟ್‌ನಲ್ಲಿ ಇದಕ್ಕೆ 'ಇನ್‌ಪುಟ್ ಮೆಥಡ್' ಎಂಬ ಪ್ರತ್ಯೇಕ ಕಿಟಕಿ ಇದೆ. ಹಾಕಿದ ಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ. ಆಗಲೇ ತೆರೆದಿದ್ದ ತಂತ್ರಾಂಶಗಳಿಗೆ ಹೊಸ ವ್ಯವಸ್ಥೆ ಗೊತ್ತಿರುವುದಿಲ್ಲ.

ಪತ್ರ, ಲೆಕ್ಕ ಬರೆಯಲು ಲಿಬ್ರೆಆಫೀಸ್ ತಂತ್ರಾಂಶ ಬಳಸುವವರಿಗೆ ಇನ್ನೊಂದು ಮಾತು. ಸ್ಟೈಲ್‌ನಲ್ಲಿ ಫಾಂಟ್ ಬದಲಾಯಿಸಿದರೂ ಕನ್ನಡ ಹಾಗೇ ಉಳಿದರೆ ಬೆರಗಾಗಬೇಡಿ. ಅದು ಇಂಗ್ಲಿಷಿಗೆ ಒಂದು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಎಂದು ಎರಡು ಫಾಂಟ್ ಇಟ್ಟುಕೊಂಡಿರುತ್ತದೆ. ಭಾಷೆಯ ಆಯ್ಕೆಗಳಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುರುತು ಹಾಕಿದರೆ ಎರಡನೆಯದೂ ಕಣ್ಣಿಗೆ ಬೀಳುತ್ತದೆ.

## ಇಲ್ಲಿಲ್ಲದ ತೊಂದರೆ ಬಂದರೆ

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಲಿನಕ್ಸ್‌ನಲ್ಲಿ ಇದಕ್ಕೆ ಕೆಲವು ಒಳ್ಳೆಯ ಅನುಕೂಲಗಳಿವೆ. ಡಿಸ್ಟ್ರೋ ಹಾಕಿದ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ತೆರೆದು ನೋಡಬಹುದು. ಅಲ್ಲಿ ಸರಿ ಇದ್ದರೆ ಯಂತ್ರ ಕೆಟ್ಟಿಲ್ಲ. ಹೊಸ ಬಳಕೆದಾರರ ಖಾತೆ ಮಾಡಿ ಲಾಗಿನ್ ಆಗಬಹುದು. ಅಲ್ಲಿ ಸರಿ ಇದ್ದರೆ ದೋಷ ನಿಮ್ಮ ಹೋಮ್ ಫೋಲ್ಡರಿನ ಯಾವುದೋ ಸೆಟ್ಟಿಂಗ್‌ನಲ್ಲಿದೆ. ಅಪ್‌ಡೇಟ್ ಆದ ಮಾರನೆ ದಿನ ಏನಾದರೂ ನಿಂತರೆ, ಆನ್ ಮಾಡುವಾಗ ಬರುವ ಗ್ರಬ್ ಮೆನುವಿನಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನೆಲ್ ಇರುತ್ತದೆ, ಅದರಲ್ಲಿ ತೆರೆಯಿರಿ. ಮೆನು ಕಾಣದಿದ್ದರೆ ಆನ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಬೇಕಾಗುತ್ತದೆ. ಮಿಂಟ್‌ನ ಟೈಮ್‌ಶಿಫ್ಟ್ ಆನ್ ಮಾಡಿಟ್ಟಿದ್ದರೆ ಇಡೀ ವ್ಯವಸ್ಥೆಯನ್ನೇ ಹಿಂದಿನ ದಿನಕ್ಕೆ ಒಯ್ಯಬಹುದು. ನಿಮ್ಮ ಫೋಟೋ, ಕಡತಗಳ ಬ್ಯಾಕಪ್ ಅದು ಮಾಡುವುದಿಲ್ಲ, ಅದನ್ನು ನೀವೇ ಬೇರೆ ಇಟ್ಟುಕೊಳ್ಳಬೇಕು.

ಎಷ್ಟು ಹುಡುಕಿದರೂ ಸರಿಹೋಗದವೂ ಕೆಲವು ಇವೆ. ಬೆರಳಚ್ಚು ಓದುವ ಚಿಪ್‌ಗಳಲ್ಲಿ ಅನೇಕಕ್ಕೆ ಲಿನಕ್ಸ್ ಡ್ರೈವರನ್ನು ತಯಾರಕರು ಕೊಟ್ಟೇ ಇಲ್ಲ. ಅಲ್ಲಿ ಪಾಸ್‌ವರ್ಡ್ ಒಂದೇ ಗತಿ. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡುವ ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಅಂಗಡಿ ಲೆಕ್ಕ ಪೂರ್ತಿ ಅದರಲ್ಲೇ ಇರುವವರು ವಿಂಡೋಸ್ ಭಾಗ ಅಳಿಸುವ ಮುನ್ನ ತಮ್ಮ ಲೆಕ್ಕ ಬರೆಯುವವರನ್ನು ಒಂದು ಮಾತು ಕೇಳಿಬಿಡಿ.